ಗಡುವಿನ ಇಮೇಲ್ ಮೇಲೆ ಬರಬೇಕು: ಮೂರು ವಿಂಗಡಣೆಗಳನ್ನು ಬಳಸಿ ನೋಡಿದೆ

ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನದು ತೆರಿಗೆ ಲೆಕ್ಕಪತ್ರ ನೋಡುವ ಸಣ್ಣ ಕಚೇರಿ. ಮೆಕ್ಕೆಜೋಳದ ವರ್ತಕರು, ಅಕ್ಕಿ ಗಿರಣಿಯವರು, ಮಂಡಕ್ಕಿ ಭಟ್ಟಿಯವರು ನಮ್ಮ ಪಾರ್ಟಿಗಳು, ಅಂದರೆ ಗ್ರಾಹಕರು. ತಿಂಗಳ ರಿಟರ್ನ್ ಸಲ್ಲಿಸುವವರದು 11ರೊಳಗೆ ಮಾರಾಟದ ವಿವರವಿರುವ ಜಿಎಸ್‌ಟಿಆರ್-1, 20ರೊಳಗೆ ತೆರಿಗೆ ಲೆಕ್ಕದ ಸಾರಾಂಶವಾದ 3ಬಿ ಹೋಗಬೇಕು. ಆ ದಿನಗಳಲ್ಲಿ ಇನ್‌ಬಾಕ್ಸ್ ಸಂತೆಯಾಗುತ್ತದೆ. ಕಳೆದ ವರ್ಷ ಅಂಥದೇ ಗದ್ದಲದಲ್ಲಿ ಒಬ್ಬ ಮಂಡಕ್ಕಿ ಭಟ್ಟಿಯವರಿಗೆ ಬಂದ, ರಿಟರ್ನಿನಲ್ಲಿ ದೋಷವಿದೆ ಎನ್ನುವ ಆದಾಯ ತೆರಿಗೆಯ 139(9)ನೆಯ ಕಲಮಿನ ನೋಟಿಸ್ ಒಂದು ಕೆಳಗೆ ಸರಿದುಹೋಗಿತ್ತು. ದೋಷವಿರುವ ರಿಟರ್ನ್ ತಿದ್ದಲು ಸಿಗುವುದು 15 ದಿನ. ನಾನು ಅದನ್ನು ತೆರೆದದ್ದು 13ನೆಯ ದಿನ. ರಾತ್ರಿಯೇ ಭಟ್ಟಿಗೆ ಹೋಗಿ, ಹೊಟ್ಟಿನ ಹೊಗೆಯ ನಡುವೆ ಕುಳಿತು, ಮಾಲೀಕರಿಂದ ಖರೀದಿ ಪುಸ್ತಕ ಪಡೆದು ಲಾಭ-ನಷ್ಟದ ತಖ್ತೆ ತುಂಬಿದೆ. ಮರುದಿನದಿಂದಲೇ ಇಮೇಲ್ ವಿಂಗಡಿಸುವ ದಾರಿ ಹುಡುಕತೊಡಗಿದೆ. ಮೂರು ವಿಧಾನಗಳನ್ನು ಒಂದೊಂದು ತಿಂಗಳು ಬಳಸಿದ್ದೇನೆ.

ಮೊದಲು ಹಿಡಿದದ್ದು ಜಿಮೇಲ್‌ನ ಪ್ರಯಾರಿಟಿ ಇನ್‌ಬಾಕ್ಸ್. 2010ರಿಂದ ಇರುವ ಸೌಲಭ್ಯ. ನಾವು ಯಾರಿಗೆ ಹೆಚ್ಚು ಬರೆಯುತ್ತೇವೆ, ಯಾವುದನ್ನು ತೆರೆಯುತ್ತೇವೆ, ಯಾವುದಕ್ಕೆ ಉತ್ತರಿಸುತ್ತೇವೆ ಎಂಬುದನ್ನು ನೋಡಿ ಅದು ಮುಖ್ಯವಾದದ್ದಕ್ಕೆ ಹಳದಿ ಗುರುತು ಹಾಕುತ್ತದೆ. ತಪ್ಪಾಗಿದ್ದರೆ ಗುರುತನ್ನು ಒತ್ತಿ ತಿದ್ದಬಹುದು. ಪಾರ್ಟಿಗಳ ವಿಷಯದಲ್ಲಿ ಇದು ಬಹಳ ಚೆನ್ನಾಗಿ ನಡೆಯಿತು. ಒಬ್ಬ ವರ್ತಕರು ಮಗನ ವಿಳಾಸದಿಂದ, ವಿಷಯದ ಸಾಲೂ ಇಲ್ಲದೆ, ಬಿಲ್‌ಗಳ ಫೋಟೊ ಕಳುಹಿಸುತ್ತಾರೆ. ಎರಡು ಮೂರು ಬಾರಿ ಉತ್ತರಿಸಿದ ಮೇಲೆ ಅವರ ಇಮೇಲ್ ತಾನಾಗಿಯೇ ಮೇಲೆ ಬರತೊಡಗಿತು. ಆದರೆ ಈ ಕಲಿಕೆಗೆಲ್ಲ ಆಧಾರ ಹಳೆಯ ರೂಢಿ. ವರ್ಷಕ್ಕೊಮ್ಮೆ ಬರುವ ನೋಟಿಸಿಗೆ ರೂಢಿ ಎಲ್ಲಿಂದ ಬರಬೇಕು? ಸರ್ಕಾರಿ ಸ್ವಯಂಚಾಲಿತ ವಿಳಾಸಕ್ಕೆ ನಾನು ಒಮ್ಮೆಯೂ ಉತ್ತರ ಬರೆದವನಲ್ಲ. ನನಗೆ ತುರ್ತು ಎಂದರೆ ಗಡುವು, ಒಡನಾಟವಲ್ಲ.

ಎರಡನೆಯದು ಥಂಡರ್‌ಬರ್ಡ್ ಎಂಬ, ಕಂಪ್ಯೂಟರಿನಲ್ಲಿ ಇಮೇಲ್ ನೋಡುವ ತಂತ್ರಾಂಶ. ಇಮೇಲ್ ವಿಂಗಡಿಸಲು ನಾವು ಬರೆದಿಟ್ಟ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಓಡಿಸುತ್ತದೆ, ಒಂದು ನಿಯಮ ಹೊಂದಿದರೆ ಅಲ್ಲಿಗೇ ನಿಲ್ಲಿಸಲೂ ಬಹುದು. ಲೆಕ್ಕದವರಿಗೆ ಒಪ್ಪುವ ಶಿಸ್ತು. ಆದರೆ ಕಚೇರಿಯ ಕಂಪ್ಯೂಟರಿನಲ್ಲಿ ತಂತ್ರಾಂಶ ತೆರೆದಿದ್ದರೆ ಮಾತ್ರ ಕೆಲಸ. ಭಾನುವಾರ ಬೀಗ ಹಾಕಿದರೆ ಮೊಬೈಲ್‌ನಲ್ಲಿ ಎಲ್ಲವೂ ಮತ್ತೆ ಕಲಸುಮೇಲೋಗರ. ನನ್ನ ಕೆಲಸಕ್ಕೆ ಒಗ್ಗಲಿಲ್ಲ.

ಮೂರನೆಯದು ಜಿಮೇಲ್‌ನಲ್ಲೇ ಕೈಯಾರೆ ಬರೆಯುವ ಫಿಲ್ಟರ್, ಅಂದರೆ ಬಂದ ಇಮೇಲನ್ನು ವಿಂಗಡಿಸುವ ನಿಯಮ. ಮೊಬೈಲ್ ಆ್ಯಪ್‌ನಲ್ಲಿ ಇದನ್ನು ರಚಿಸಲಾಗದು, ಕಂಪ್ಯೂಟರಿನ ಬ್ರೌಸರ್‌ನಲ್ಲೇ ಕೂರಬೇಕು. ಮೊದಲ ದಿನ ವಿಷಯದಲ್ಲಿ ‘ನೋಟಿಸ್’ ಎಂಬ ಪದವಿದ್ದರೆ ಸಾಕು ಎಂದು ನಿಯಮ ಬರೆದೆ. ಸಂಜೆಯೊಳಗೆ ಷೇರುದಾರರ ಸಭೆಯ ನೋಟಿಸ್, ಬ್ಯಾಂಕಿನ ಸೇವಾ ಶುಲ್ಕದ ನೋಟಿಸ್, ವಿಮೆಯ ಜಾಹೀರಾತು ಎಲ್ಲವೂ ಅಲ್ಲಿ ಸೇರಿದ್ದವು. ಪದವನ್ನು ಬಿಟ್ಟು ಕಳುಹಿಸಿದವರನ್ನು ಹಿಡಿದೆ. ‘ಫ್ರಮ್’ ಖಾನೆಯಲ್ಲಿ ಜಿಎಸ್‌ಟಿ ಮತ್ತು ಆದಾಯ ತೆರಿಗೆ ಪೋರ್ಟಲ್‌ಗಳ ಡೊಮೇನ್‌ಗಳನ್ನು (ಇಮೇಲ್ ವಿಳಾಸದಲ್ಲಿ @ ಗುರುತಿನ ನಂತರದ ಭಾಗ) ಮಾತ್ರ ಬರೆದು, ನಡುವೆ ‘ಅಥವಾ’ ಎಂಬರ್ಥದ OR ಪದವನ್ನು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಹಾಕಿದೆ. ಮುಂದಿನ ಪುಟದಲ್ಲಿ ಮೂರು ಗುರುತು: ‘ಗಡುವು’ ಎಂಬ ಲೇಬಲ್, ಸ್ಪ್ಯಾಮ್‌ಗೆ ಕಳುಹಿಸಬೇಡ, ಸದಾ ಮುಖ್ಯವೆಂದು ಪರಿಗಣಿಸು. ಹಳೆಯ ಇಮೇಲ್‌ಗಳಿಗೂ ಅನ್ವಯಿಸು ಎಂಬ ಚೌಕವನ್ನೂ ಒತ್ತಿದಾಗ ಎರಡು ವರ್ಷದ ನೋಟಿಸ್‌ಗಳು ಒಂದೇ ಪಟ್ಟಿಯಲ್ಲಿ ಬಂದು ನಿಂತವು. ಅದನ್ನು ಕಂಡಾಗ ಆದ ನೆಮ್ಮದಿ ದೊಡ್ಡದು. ಒಂದು ಎಚ್ಚರಿಕೆ: ಸ್ಪ್ಯಾಮ್ ತಡೆಯನ್ನು ನಾವೇ ತೆಗೆದಿರುವುದರಿಂದ ಡೊಮೇನ್ ಅಕ್ಷರ ಅಕ್ಷರವೂ ಸರಿಯಿರಬೇಕು, ಲೇಬಲ್ ಬಿದ್ದಿದ್ದರೂ ಒಳಗಿನ ಲಿಂಕ್ ಒತ್ತದೆ ಪೋರ್ಟಲ್‌ಗೇ ಹೋಗಿ ನೋಡಬೇಕು. ಇಲಾಖೆಯ ಹೆಸರಿನಲ್ಲಿ ಮೋಸದ ಇಮೇಲ್‌ಗಳು ಬರುತ್ತಲೇ ಇರುತ್ತವೆ.

ನನ್ನ ಆಯ್ಕೆ ಫಿಲ್ಟರ್. ಪ್ರಯಾರಿಟಿ ಇನ್‌ಬಾಕ್ಸನ್ನೂ ಬಿಟ್ಟಿಲ್ಲ. ಅದರ ವಿಭಾಗಗಳಲ್ಲಿ ಯಾವುದಾದರೂ ಲೇಬಲನ್ನು ಕೂರಿಸಬಹುದು. ಹಾಗಾಗಿ ಮೊದಲ ವಿಭಾಗ ‘ಗಡುವು’, ಎರಡನೆಯದು ಅದು ತಾನೇ ಆರಿಸಿದ ಮುಖ್ಯ ಇಮೇಲ್‌ಗಳು, ಉಳಿದದ್ದು ಕೆಳಗೆ. ನಮ್ಮ ಸಹಾಯಕಿ ಈಗ ಬೆಳಿಗ್ಗೆ ಬಂದವರೇ ಮೊದಲ ವಿಭಾಗ ತೆರೆದು ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಬರೆಯುತ್ತಾರೆ.

ಒಂದು ತೊಡಕು ಉಳಿದಿದೆ. ಕೆಲವು ಹಳೆಯ ಪಾರ್ಟಿಗಳ ಪೋರ್ಟಲ್ ಖಾತೆಯಲ್ಲಿ ಇನ್ನೂ ಹಿಂದಿನ ಲೆಕ್ಕಿಗರ ಇಮೇಲ್ ವಿಳಾಸವೇ ಇದೆ. ಆ ಪಾರ್ಟಿಗಳ ನೋಟಿಸ್ ನನ್ನ ಇನ್‌ಬಾಕ್ಸ್‌ಗೆ ಬರುವುದೇ ಇಲ್ಲ. ಬಾರದ್ದನ್ನು ಯಾವ ಫಿಲ್ಟರ್ ವಿಂಗಡಿಸೀತು? ಓಟಿಪಿ ಪಾರ್ಟಿಗಳ ಮೊಬೈಲ್‌ಗೆ ಬರುವುದರಿಂದ ಅವರನ್ನು ಎದುರಿಗೇ ಕೂರಿಸಿಕೊಂಡು, ದಿನಕ್ಕೆ ಇಬ್ಬರಂತೆ ವಿಳಾಸ ಬದಲಿಸುತ್ತಿದ್ದೇನೆ.