ಹಾಸನದ ಭಾನುವಾರದ ವೇದಾಂತ ಪಾಠ: ಪಾಠ ಗಟ್ಟಿ, ಜೆರಾಕ್ಸ್ ಹೊತ್ತಿಗೆ ಸಡಿಲ

ಎಲ್ಲ ಜೀವಿಗಳಲ್ಲೂ ದೇವರಿದ್ದಾನೆ ಎಂಬ ಮಾತು ಹಾಸನದಲ್ಲಿ ಯಾವ ಹರಿಕಥೆಗೆ ಹೋದರೂ ಕಿವಿಗೆ ಬೀಳುತ್ತದೆ. ಅದು ಯಾವ ಗ್ರಂಥದಲ್ಲಿ, ಯಾವ ಷರತ್ತಿನ ಜೊತೆ ಬಂದಿದೆ ಎಂದು ಮೂಲ ತೆರೆದು ತೋರಿಸುವವರು ಕಡಿಮೆ. ನಗರದ ಸಮುದಾಯ ಭವನವೊಂದರಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಆರು ವಾರಗಳ ಪಾಠ ಆ ಕೆಲಸಕ್ಕೆ ಕೈ ಹಾಕಿದೆ. ತರಗತಿ ಒಂದೂವರೆ ಗಂಟೆ. ಪಾಠಕ್ಕೆ ಶುಲ್ಕವಿಲ್ಲ, ಜೆರಾಕ್ಸ್ ಹೊತ್ತಿಗೆಗೆ ಮಾತ್ರ ದುಡ್ಡು. ಪಾಠ ಹೇಳುವವರು ನಿವೃತ್ತ ಸಂಸ್ಕೃತ ಮೇಷ್ಟ್ರು. ಮೈಕ್ ಇಲ್ಲದೆ ಕೊನೆಯ ಸಾಲಿಗೂ ಕೇಳಿಸುವ ಕಂಠ.

ಮೊದಲ ವಾರ ಈಶಾವಾಸ್ಯ ಉಪನಿಷತ್ತು. ಒಂದನೇ ಮಂತ್ರ ಎಲ್ಲರಿಗೂ ಗೊತ್ತಿರುವುದೇ. ಆರನೆಯದಕ್ಕೆ ಕೊಟ್ಟ ಗಮನ ಮೆಚ್ಚಬೇಕಾದ್ದು: ಎಲ್ಲ ಭೂತಗಳನ್ನು, ಅಂದರೆ ಜೀವಿಗಳನ್ನು, ಆತ್ಮನಲ್ಲಿ, ಎಲ್ಲ ಭೂತಗಳಲ್ಲಿ ಆತ್ಮನನ್ನು ಕಂಡವನು ‘ತತೋ ನ ವಿಜುಗುಪ್ಸತೇ’, ಯಾವುದನ್ನೂ ಕಂಡು ಅಸಹ್ಯಪಡುವುದಿಲ್ಲ. ಎರಡನೇ ವಾರ ಕಠೋಪನಿಷತ್ತು. ಒಂದೇ ಅಗ್ನಿ ಲೋಕವನ್ನು ಹೊಕ್ಕು ಆಯಾ ವಸ್ತುವಿನ ರೂಪ ತಾಳಿದಂತೆ ಸರ್ವಭೂತಾಂತರಾತ್ಮನೂ (ಎಲ್ಲ ಜೀವಿಗಳ ಒಳಗಿರುವ ಆತ್ಮ) ಎನ್ನುವ ಮಂತ್ರ (2.2.9) ‘ಬಹಿಶ್ಚ’ ಎಂದು ಮುಗಿಯುತ್ತದೆ, ಅವನು ಹೊರಗೂ ಇದ್ದಾನೆ. ಪ್ರವಚನಗಳಲ್ಲಿ ಸಾಮಾನ್ಯವಾಗಿ ನುಂಗಿಹೋಗುವ ಈ ಮಾತನ್ನು ಮೇಷ್ಟ್ರು ಬಿಡಲಿಲ್ಲ. ಅದನ್ನು ಬಿಟ್ಟರೆ ದೇವರು ಜೀವಿಯ ಅಳತೆಗೆ ಕುಗ್ಗಿಬಿಡುತ್ತಾನೆ. ಕಣ್ಣಿನ ದೋಷ ಸೂರ್ಯನಿಗೆ ಅಂಟದು ಎನ್ನುವ ಹನ್ನೊಂದನೇ ಮಂತ್ರ ಹಿಡಿತಕ್ಕೆ ಬರುವುದೂ ಈ ಮಾತು ಕೈಯಲ್ಲಿದ್ದಾಗಲೇ.

ಇಡೀ ಪಾಠಮಾಲೆಯ ಜೀವ ಮೂರನೇ ವಾರ. ಬೃಹದಾರಣ್ಯಕ ಉಪನಿಷತ್ತಿನ ‘ಅಂತರ್ಯಾಮಿ ಬ್ರಾಹ್ಮಣ’ ಎಂಬ ಭಾಗ (3.7), ಒಳಗಿದ್ದು ನಡೆಸುವವನು ಯಾರು ಎಂಬ ಉದ್ದಾಲಕ ಆರುಣಿಯ ಪ್ರಶ್ನೆಗೆ ಯಾಜ್ಞವಲ್ಕ್ಯರ ಉತ್ತರ. ‘ಏಷ ತ ಆತ್ಮಾಂತರ್ಯಾಮ್ಯಮೃತಃ’ (ಇವನೇ ನಿನ್ನ ಆತ್ಮ, ಅಂತರ್ಯಾಮಿ, ಅಮೃತ) ಎಂಬ ಪಲ್ಲವಿ ಕಾಣ್ವ ಶಾಖೆಯ ಪಾಠದಲ್ಲಿ 21 ನೆಲೆಗಳಿಗೆ ಬರುತ್ತದೆ: ಪೃಥಿವಿಯಿಂದ ತೇಜಸ್ಸಿನವರೆಗೆ 12, ಸರ್ವಭೂತಗಳಿಗೆ 1, ಪ್ರಾಣದಿಂದ ರೇತಸ್ಸಿನವರೆಗೆ 8. ಅಂದರೆ ಜೀವಿಗಳೊಳಗಿನ ಇರವನ್ನು ಉಪನಿಷತ್ತು ಬಿಡಿಯಾಗಿ ಹೇಳುವುದಿಲ್ಲ, ನೀರು ಗಾಳಿ ದಿಕ್ಕುಗಳ ಸಾಲಿನಲ್ಲೇ ಇಡುತ್ತದೆ. ಹೊತ್ತಿಗೆಯಲ್ಲಿ ಮೊದಲ ನಾಲ್ಕನ್ನು ಕೊಟ್ಟು ‘ಇತ್ಯಾದಿ’ ಎಂದು ಮುಗಿಸಿದ್ದಾರೆ. ಆ ಇತ್ಯಾದಿಯೊಳಗೇ ಪಾಠದ ವಿಷಯ ಸೇರಿಹೋಗಿದೆ.

ಒಂದೇ ಉಪನಿಷತ್ತನ್ನು ಎರಡು ಶಾಖೆಗಳು ಬೇರೆ ಬೇರೆಯಾಗಿ ಓದುವ ಪಾಠಭೇದದ ವಿವರಣೆಯೂ ಇಲ್ಲೇ. ಕಾಣ್ವ ಶಾಖೆ ‘ಯೋ ವಿಜ್ಞಾನೇ ತಿಷ್ಠನ್’ (ವಿಜ್ಞಾನದಲ್ಲಿ ಇರುವವನು) ಎಂದರೆ ಮಾಧ್ಯಂದಿನ ಶಾಖೆ ‘ಯ ಆತ್ಮನಿ ತಿಷ್ಠನ್’ (ಆತ್ಮನಲ್ಲಿ ಇರುವವನು) ಎನ್ನುತ್ತದೆ. ಶಂಕರರ ಭಾಷ್ಯ ಕಾಣ್ವಕ್ಕೆ. ಜೀವನೇ ಪರಮಾತ್ಮನ ಶರೀರ ಎನ್ನುವ ರಾಮಾನುಜರಿಗೆ ಮಾಧ್ಯಂದಿನ ಪಾಠ ದೊಡ್ಡ ಆಸರೆ. ಎರಡೂ ಶಾಖೆಗಳು ಜೀವನನ್ನು ಅಂತರ್ಯಾಮಿಯಿಂದ ಬೇರೆಯಾಗಿಯೇ ಓದುತ್ತವೆ ಎಂದು ಬ್ರಹ್ಮಸೂತ್ರ (1.2.20) ಹೇಳುವುದನ್ನೂ, ಆ ಭೇದವನ್ನು ಶಂಕರರು ಉಪಾಧಿಯ, ಅಂದರೆ ದೇಹ ಮನಸ್ಸುಗಳಂಥ ಹೊದಿಕೆಯ, ಲೆಕ್ಕಕ್ಕೆ ಹಾಕುವುದನ್ನೂ ಮೇಷ್ಟ್ರು ಪಕ್ಷ ವಹಿಸದೆ ವಿವರಿಸುತ್ತಾರೆ. ಒಂದು ಕಡೆ ಶಂಕರರ ಪೀಠ ಶೃಂಗೇರಿ, ಇನ್ನೊಂದು ಕಡೆ ವೈಷ್ಣವ ಕ್ಷೇತ್ರ ಬೇಲೂರು ಇರುವ ಸೀಮೆಯಲ್ಲಿ ಇದು ಸುಲಭದ ಕೆಲಸವಲ್ಲ.

ನಾಲ್ಕನೇ ವಾರ ಗೀತೆ. ಇಲ್ಲಿ ಎಡವುವ ಜಾಗ ಗೊತ್ತಿರುವಂಥದ್ದೇ. ಈಶ್ವರ ಎಲ್ಲ ಭೂತಗಳ ಹೃದಯದಲ್ಲಿದ್ದಾನೆ ಎನ್ನುತ್ತದೆ 18.61, ‘ನ ಚಾಹಂ ತೇಷ್ವವಸ್ಥಿತಃ’, ನಾನು ಅವುಗಳಲ್ಲಿ ಇಲ್ಲ ಎನ್ನುತ್ತದೆ 9.4. ಮೊದಲು 9.4 ಮತ್ತು 5, ಆಮೇಲೆ ಎಲ್ಲರ ಹೃದಯದಲ್ಲಿ ನಾನಿದ್ದೇನೆ ಎನ್ನುವ 15.15, ಕೊನೆಗೆ 18.61 ಎಂಬ ಕ್ರಮದಲ್ಲಿ ಓದಿಸಿದ್ದರಿಂದ ಗಂಟು ಬಿಚ್ಚಿಕೊಂಡಿತು. ಯಾವುದಕ್ಕೂ ಅಂಟದ ವಸ್ತು ಇನ್ನೊಂದರ ಆಸರೆಯಲ್ಲಿ ಇರಲಾರದು ಎಂಬುದು ಶಂಕರರ ಸಮಾಧಾನ. ನನ್ನ ಇರವು ಅವುಗಳ ಅಧೀನವಲ್ಲ ಎಂಬುದು ರಾಮಾನುಜರದು. ಹೊತ್ತಿಗೆ ಮಾತ್ರ ಇಲ್ಲೂ ಕೈಕೊಟ್ಟಿದೆ. 9.5ರ ‘ಭೂತಭೃನ್ನ ಚ ಭೂತಸ್ಥೋ’ ಎಂಬಲ್ಲಿ ನಕಾರದ ಒತ್ತಕ್ಷರ ಬಿಟ್ಟುಹೋಗಿದೆ. ಪದ ಬಿಡಿಸಿದರೆ ‘ಭೂತಭೃತ್, ನ ಚ ಭೂತಸ್ಥಃ’ (ಭೂತಗಳನ್ನು ಹೊತ್ತವನು, ಭೂತಗಳಲ್ಲಿ ಇರುವವನಲ್ಲ) ಎಂದಾಗಬೇಕು. ಆ ‘ನ’ ಹೋದರೆ ಶ್ಲೋಕ ತಿರುವುಮುರುವು. ಎಲ್ಲ ಭೂತಗಳಲ್ಲೂ ಸಮನಾಗಿ ಇರುವವನನ್ನು ಹೇಳುವ ‘ಸಮಂ ಸರ್ವೇಷು ಭೂತೇಷು’ ಶ್ಲೋಕಕ್ಕೆ ಹೊತ್ತಿಗೆಯಲ್ಲಿ 13.28, ಮೇಷ್ಟ್ರ ಬಾಯಲ್ಲಿ 13.27. ಎರಡೂ ಸರಿ. ಹದಿಮೂರನೇ ಅಧ್ಯಾಯದ ಮೊದಲಿಗೆ ಅರ್ಜುನನ ಪ್ರಶ್ನೆಯ ಶ್ಲೋಕ ಸೇರಿಸುವ ಮುದ್ರಣಗಳಲ್ಲಿ ಸಂಖ್ಯೆ ಒಂದು ಮುಂದೆ ಹೋಗುತ್ತದೆ. ಇದನ್ನು ಮೊದಲೇ ಹೇಳಿದ್ದರೆ ಕಾಲು ಗಂಟೆ ಪುಟ ಹುಡುಕುವುದು ತಪ್ಪುತ್ತಿತ್ತು.

ದೊಡ್ಡ ತಕರಾರು ಐದನೇ ವಾರದ ಮೇಲೆ. ಭಾಗವತದ ಮೂರನೇ ಸ್ಕಂಧದ 29ನೇ ಅಧ್ಯಾಯದಲ್ಲಿ ವಿಷ್ಣುವಿನ ಅವತಾರವಾದ ಕಪಿಲ ತಾಯಿ ದೇವಹೂತಿಗೆ ಹೇಳುವುದು ಬರೀ ತತ್ತ್ವವಲ್ಲ, ನಡೆಯ ವಿಧಾನ. ಎಲ್ಲ ಭೂತಗಳಲ್ಲಿರುವ ನನ್ನನ್ನು ಕಡೆಗಣಿಸಿ ಮಾಡುವ ಮೂರ್ತಿಪೂಜೆ ‘ಅರ್ಚಾವಿಡಂಬನ’, ಪೂಜೆಯ ಅಣಕ (ಶ್ಲೋಕ 21), ಬೂದಿಯಲ್ಲಿ ಮಾಡಿದ ಹೋಮ (22). ಹಾಗೆಂದು ಪೂಜೆ ಬಿಡು ಎನ್ನುವುದೂ ಇಲ್ಲ; ಸರ್ವಭೂತಗಳಲ್ಲಿರುವವನನ್ನು ತನ್ನ ಹೃದಯದಲ್ಲಿ ಅರಿಯುವ ತನಕ ಸ್ವಕರ್ಮ ಮಾಡುತ್ತ ಅರ್ಚಿಸಬೇಕು (25). ಅರಿತವನು ಮಾಡಬೇಕಾದ್ದು ದಾನ, ಮಾನ, ಮೈತ್ರಿ, ಭೇದವಿಲ್ಲದ ದೃಷ್ಟಿ (27). ಅಲ್ಲಿಂದ ಮುಂದೆ ಸ್ಪರ್ಶ ಮಾತ್ರ ಅರಿಯುವವು, ಅವಕ್ಕಿಂತ ರುಚಿ ಅರಿಯುವವು, ಗಂಧ ಅರಿಯುವವು, ಶಬ್ದ ಅರಿಯುವವು ಎಂದು ಜೀವಿಗಳ ತಾರತಮ್ಯ ಬರುತ್ತದೆ. ಅದೆಲ್ಲ ಹೇಳಿದ ಮೇಲೂ 34ರಲ್ಲಿ ಈ ಭೂತಗಳಿಗೆಲ್ಲ ಮನಸ್ಸಿನಲ್ಲೇ ಬಹಳ ಗೌರವದಿಂದ ನಮಸ್ಕರಿಸು ಎನ್ನುತ್ತದೆ. ಜೀವಿಗಳಲ್ಲಿ ಮೇಲುಕೀಳು ಉಂಟು, ಒಳಗಿರುವವನಲ್ಲಿ ಇಲ್ಲ. ಇದಕ್ಕೆ ಸಿಕ್ಕ ಸಮಯ ಕೊನೆಯ ಇಪ್ಪತ್ತು ನಿಮಿಷ. ಉಳಿದದ್ದನ್ನೆಲ್ಲ ಪ್ರಹ್ಲಾದನ ಕಥೆ ತಿಂದುಹಾಕಿತು. ಕಥೆ ಚೆನ್ನಾಗಿ ಹೇಳಿದರು ನಿಜ. ಆದರೆ ಕಂಬದಿಂದ ನರಸಿಂಹ ಬಂದದ್ದನ್ನು ಕೇಳಲು ಯಾರೂ ಬೆಳಿಗ್ಗೆ ಎದ್ದು ಪಾಠಕ್ಕೆ ಬರಬೇಕಿಲ್ಲ.

ಅದರ ಪೆಟ್ಟು ಆರನೇ ವಾರದ ಪ್ರಶ್ನೋತ್ತರದಲ್ಲಿ ಕಂಡಿತು. ಆಲೂರು, ಸಕಲೇಶಪುರದ ಕಡೆಯವರು ಇದ್ದ ಮೇಲೆ ತೋಟಕ್ಕೆ ನುಗ್ಗುವ ಆನೆಯಲ್ಲೂ ದೇವರೇ ಎಂಬ ಪ್ರಶ್ನೆ ಬರದೆ ಇರುತ್ತದೆಯೇ? ಉತ್ತರವಾಗಿ ಬಂದದ್ದು ‘ಆನೆ ನಾರಾಯಣ, ಮಾವುತ ನಾರಾಯಣ’ ಕಥೆ: ಆನೆ ನಾರಾಯಣನಾದರೆ, ದಾರಿ ಬಿಡಿ ಎನ್ನುವ ಮಾವುತನೂ ನಾರಾಯಣನೇ, ಅವನ ಮಾತನ್ನೂ ಕೇಳಬೇಕು. ಉತ್ತರ ಸರಿ, ವಿಳಾಸ ತಪ್ಪು: ಅದು ಉಪನಿಷತ್ತಿನದಲ್ಲ, ರಾಮಕೃಷ್ಣ ಪರಮಹಂಸರು ಹೇಳುತ್ತಿದ್ದ ದೃಷ್ಟಾಂತ. ಬ್ರಾಹ್ಮಣ, ಹಸು, ಆನೆ, ನಾಯಿಗಳಲ್ಲೂ ಪಂಡಿತರು ಸಮವನ್ನೇ ಕಾಣುತ್ತಾರೆ ಎನ್ನುವ ಗೀತೆಯ 5.18ಕ್ಕೆ ‘ನೋಟದಲ್ಲಿ ಸಮ, ನಡವಳಿಕೆಯಲ್ಲಿ ಅಲ್ಲ’ ಎಂಬ ಹಳೆಯ ಸಮಾಧಾನವೂ ಬಂತು. ಆನೆಯ ವಿಷಯಕ್ಕೆ ಅದು ಸಾಕು. ಆದರೆ ಅದೇ ಶ್ಲೋಕದಲ್ಲಿ ಶ್ವಪಾಕನೂ, ಅಂದರೆ ಸಮಾಜ ಹೊರಗಿಟ್ಟವನೂ, ಇದ್ದಾನೆ, ಮನುಷ್ಯನನ್ನು ಹೊಸಿಲಿನಾಚೆ ನಿಲ್ಲಿಸಲು ಇದೇ ಸಮಾಧಾನವನ್ನು ಬಳಸಿದ್ದೂ ಉಂಟು. ಆ ಬಗ್ಗೆ ಪಾಠ ತುಟಿ ಬಿಚ್ಚಲಿಲ್ಲ. ಕಪಿಲನ ‘ದಾನ, ಮಾನ’ವನ್ನು ಹಿಂದಿನ ವಾರ ಸರಿಯಾಗಿ ಓದಿಸಿದ್ದರೆ ಉತ್ತರ ಕೈಯಲ್ಲೇ ಇರುತ್ತಿತ್ತು.

ಹೋಗುವವರು ಹೊತ್ತಿಗೆಯನ್ನು ನಂಬದೆ ಮೂಲವಿರುವ ಗೀತೆ, ಭಾಗವತ ಒಯ್ಯುವುದು ಒಳ್ಳೆಯದು. ಶಾಂಕರಭಾಷ್ಯಕ್ಕೆ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳ ಕನ್ನಡ ಅನುವಾದಗಳಿವೆ. ಪ್ರಕಟಿಸಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಇದೇ ಜಿಲ್ಲೆಯ ಹೊಳೆನರಸೀಪುರದಲ್ಲಿದೆ. ಸಂಧಿ ಬಿಡಿಸಲು ಬಾರದವರಿಗೂ ಪಾಠ ದಕ್ಕುತ್ತದೆ, ಮೇಷ್ಟ್ರು ಪ್ರತಿ ಶ್ಲೋಕವನ್ನೂ ಪದ ಒಡೆದು ಎರಡು ಸಲ ಓದಿಸುತ್ತಾರೆ. ಆರೂ ವಾರ ಆಗದವರು ಮೂರು ಮತ್ತು ನಾಲ್ಕನೆಯದಕ್ಕೆ ಹೋಗಿ, ಭಾಗವತದ ಆ ಹದಿನಾಲ್ಕು ಶ್ಲೋಕಗಳನ್ನು (21ರಿಂದ 34) ಮನೆಯಲ್ಲೇ ಓದಿಕೊಳ್ಳಬಹುದು.