‘ಫ್ಯೂರಿ’ ನೋಡಿ, ಆದರೆ ವಿಯೆಟ್ನಾಮೀಸ್ ಭಾಷೆಯಲ್ಲೇ ನೋಡಿ

ಮೊದಲೇ ಹೇಳಿಬಿಡುತ್ತೇನೆ, ಈ ಸಿನಿಮಾನ ಡಬ್ಬಿಂಗ್‌ನಲ್ಲಿ ನೋಡಬೇಡಿ. ನಾನು ಮೊದಲ ಸಲ ಹಾಗೆ ನೋಡಿ ಅರ್ಧ ಗಂಟೆಗೇ ಆಫ್ ಮಾಡಿದ್ದೆ. ಮಗಳನ್ನು ಕಳೆದುಕೊಂಡ ತಾಯಿಯ ಕೂಗು ಹಾಳೆ ನೋಡಿ ಓದಿದ ಹಾಗೆ ಕೇಳುತ್ತಿತ್ತು. ಹೋದ ವಾರ ಮೂಲ ಭಾಷೆಯ ಆಡಿಯೋ ಇಟ್ಟು, ಕೆಳಗೆ ಸಬ್‌ಟೈಟಲ್ ಹಾಕಿಕೊಂಡು ಮತ್ತೆ ನೋಡಿದೆ. ಮುಗಿಯುವವರೆಗೂ ಎದ್ದಿಲ್ಲ.

2019ರ ಸಿನಿಮಾ ಇದು, ನಿರ್ದೇಶಕ ಲೇ ವಾನ್ ಕಿಯೆಟ್. ಕಥೆ ಬಹಳ ಸರಳ. ಒಂದು ಕಾಲದಲ್ಲಿ ಸೈಗಾನ್‌ನಲ್ಲಿ ರೌಡಿಗಳ ಜೊತೆ ಇದ್ದ ಹಾಯ್ ಫುವಾಂಗ್ ಈಗ ಹಳ್ಳಿಯಲ್ಲಿ ಸಾಲ ವಸೂಲಿ ಮಾಡಿಕೊಂಡು ಮಗಳನ್ನು ಸಾಕುತ್ತಿದ್ದಾಳೆ. ಮಕ್ಕಳ ಅಂಗಾಂಗ ಮಾರುವ ಗ್ಯಾಂಗ್ ಆ ಮಗಳನ್ನು ಎತ್ತಿಕೊಂಡು ದೋಣಿಯಲ್ಲಿ ಪರಾರಿಯಾಗುತ್ತದೆ. ತಾಯಿ ಬೈಕ್ ಹತ್ತಿ ಬೆನ್ನು ಹತ್ತುತ್ತಾಳೆ. ಅಷ್ಟೇ ಕಥೆ.

ಸಿನಿಮಾ ನಿಂತಿರುವುದು ಹಾಯ್ ಫುವಾಂಗ್ ಪಾತ್ರ ಮಾಡಿದ ಙೋ ಥಾನ್ ವಾನ್ ಮೇಲೆ. ಹೊರಗಿನವರಿಗೆ ವೆರೋನಿಕಾ ಙೋ ಅಂತ ಗೊತ್ತು. ಕ ಖ ಗ ಘ ಙ ಅಂತ ಓದಿದ್ದೆವಲ್ಲ, ಆಮೇಲೆ ಎಲ್ಲೂ ಬಳಸದೆ ಬಿಟ್ಟ ಆ ‘ಙ’ದಿಂದಲೇ ಇವರ ಮನೆತನದ ಹೆಸರು ಶುರುವಾಗುತ್ತದೆ! ಹುಟ್ಟಿದ್ದು 1979ರಲ್ಲಿ, ಮೆಕಾಂಗ್ ನದಿ ಬಯಲಿನ ಚಾ ವಿನ್‌ನಲ್ಲಿ. ಹತ್ತು ವರ್ಷದವರಿದ್ದಾಗ ದೋಣಿಯಲ್ಲಿ ದೇಶ ಬಿಟ್ಟು, ಕೊನೆಗೆ ನಾರ್ವೆ ಸೇರಿದರು. ಇಪ್ಪತ್ತರ ಆಸುಪಾಸಿನಲ್ಲಿ ವಾಪಸ್ ಬಂದು ಮಾಡೆಲಿಂಗ್ ಮಾಡಿದರು, ಹಾಡಿದರು, 2007ರ ‘ದ ರೆಬೆಲ್’ನಿಂದ ಆಕ್ಷನ್ ನಾಯಕಿ ಆದರು. ಇದು ಗೊತ್ತಾದ ಮೇಲೆ ನನಗೆ ಆ ದೋಣಿಯ ದೃಶ್ಯ ಬೇರೆಯದೇ ಥರ ಕಾಣಿಸಿತು. ಮಗು ನೀರಿನ ಮೇಲೆ ದೂರ ದೂರ ಹೋಗುತ್ತಿರುತ್ತದೆ, ಈ ಹೆಂಗಸು ದಡದಲ್ಲಿ ಹುಚ್ಚಿಯ ಹಾಗೆ ಬೈಕ್ ಓಡಿಸುತ್ತಿರುತ್ತಾಳೆ. ಸಿನಿಮಾದ ನಿರ್ಮಾಪಕಿಯೂ ಅವರೇ ಅಲ್ವಾ, ಆ ನದಿ ಸುಮ್ನೆ ಬಂದಿಲ್ಲ ಅಂತ ನನಗನ್ನಿಸುತ್ತದೆ.

ಹೊಡೆದಾಟಗಳು ಬಹಳ ಚೆನ್ನಾಗಿವೆ. ಇವಳು ಒದೆ ತಿನ್ನುತ್ತಾಳೆ, ಬೀಳುತ್ತಾಳೆ, ಉಸಿರು ಸಿಗದೆ ಒದ್ದಾಡುತ್ತಾಳೆ, ಆಮೇಲೆ ಏಳುತ್ತಾಳೆ. ಹಳ್ಳಿ ಹೆಂಗಸರು ಉಡುವ ಸಾದಾ ‘ಆವ್ ಬಾ ಬಾ’ ಬಟ್ಟೆಯಲ್ಲೇ ಇಷ್ಟೆಲ್ಲ. ಸಿನಿಮಾ ಬಿಡುಗಡೆ ಆದಾಗ ಅವರಿಗೆ 40 ತುಂಬಲು ನಾಲ್ಕೇ ದಿನ ಬಾಕಿ ಇತ್ತು. ಕೊನೆಯ ರೈಲಿನ ಫೈಟ್ ಅಂತೂ ಎರಡು ಸಲ ನೋಡಿದೆ.

ಕೊರತೆ ಇಲ್ಲ ಅಂತಲ್ಲ. ಪೊಲೀಸ್ ಪಾತ್ರ ಪೇಲವವಾಗಿದೆ. ಸೈಗಾನ್ ಬಂದ ಮೇಲೆ ನೇರಳೆ, ಕೆಂಪು ಲೈಟ್ ಜಾಸ್ತಿ ಆಯಿತು. ಥಾನ್ ಸೋಯ್ ಅನ್ನುವ ವಿಲನ್ ಹೆಂಗಸು ಎಷ್ಟು ಗಟ್ಟಿಗಿತ್ತಿ, ಅವಳಿಗೆ ಸಿಕ್ಕ ಸಮಯ ತೀರಾ ಕಡಿಮೆ. ಅವಳ ಹಿಂದಿನ ಕಥೆ ಬೇಕಿದ್ದರೆ ‘ಫ್ಯೂರೀಸ್’ ಇದೆ, 2023ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಅದನ್ನು ನಿರ್ದೇಶಿಸಿದ್ದೂ ಙೋ ಅವರೇ. ಆದರೆ ಇದನ್ನು ನೋಡಿದ ಮೇಲೆ ಅದಕ್ಕೆ ಹೋಗಿ.

‘ಸ್ಟಾರ್ ವಾರ್ಸ್: ದ ಲಾಸ್ಟ್ ಜೆಡೈ’ನ ಶುರುವಿನಲ್ಲಿ ಬಾಂಬರ್ ವಿಮಾನದಲ್ಲಿ ಸಾಯುವ ಹುಡುಗಿ ನೆನಪಿದ್ದಾಳಾ? ಅದು ಇವರೇ. ‘ದ ಓಲ್ಡ್ ಗಾರ್ಡ್’ನಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗೆ ಸಮುದ್ರದ ತಳ ಸೇರುವ ಕ್ವಿನ್ ಕೂಡ ಇವರೇ. ಹಾಲಿವುಡ್ ಇವರಿಗೆ ಕೊಟ್ಟಿದ್ದು ಇಂಥ ಚಿಕ್ಕ ಚಿಕ್ಕ ಜಾಗ. ‘ಫ್ಯೂರಿ’ಯಲ್ಲಿ ಪೂರ್ತಿ 98 ನಿಮಿಷ ಇವರದೇ.

ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಚಿಕ್ಕ ಮಕ್ಕಳನ್ನು ಪಕ್ಕ ಕೂರಿಸಿಕೊಂಡು ಮಾತ್ರ ನೋಡಬೇಡಿ, ಕೂಡಿಹಾಕಿದ ಮಕ್ಕಳ ದೃಶ್ಯಗಳು ದೊಡ್ಡವರಿಗೇ ಸಂಕಟ ಆಗುವ ಹಾಗಿವೆ.