ವೆನೆಟೊಕ್ಲಾಕ್ಸ್ ಗುಳಿಗೆ: ಕೆಲಸ ಗಟ್ಟಿ, ಮೊದಲ ಐದು ವಾರ ನಾಜೂಕು

ಸಿಎಲ್‌ಎಲ್ ಎಂಬ ರಕ್ತ ಕ್ಯಾನ್ಸರಿಗೆ ಕೊಡುವ ಈ ಗುಳಿಗೆ ಕೋಶವನ್ನು ತಾನೇ ಕೊಲ್ಲುವುದಿಲ್ಲ, ಸಾವಿಗೆ ಹಾಕಿದ ಬೀಗ ತೆಗೆಯುತ್ತದೆ. ಆ ಬೀಗ ಬಿಸಿಎಲ್-2 ಪ್ರೋಟೀನು. ಅದು ಸಡಿಲವಾದರೆ ಕೋಶದ ಶಕ್ತಿಮನೆಯಾದ ಮೈಟೊಕಾಂಡ್ರಿಯಾದಿಂದ ಸೈಟೊಕ್ರೋಮ್-ಸಿ ಎಂಬ ಪ್ರೋಟೀನು ಸೋರುತ್ತದೆ. ಮೊದಲು ಕ್ಯಾಸ್ಪೇಸ್-9, ಅದರ ಬೆನ್ನಿಗೇ ಕ್ಯಾಸ್ಪೇಸ್-3 ಎಂಬ ಕಿಣ್ವಗಳು ಎಚ್ಚೆತ್ತು ಕೋಶವನ್ನು ಒಳಗಿಂದಲೇ ಕತ್ತರಿಸುತ್ತವೆ.

ಅಪಾಯವೂ ಅಲ್ಲೇ. ಕೋಶಗಳು ಒಮ್ಮೆಲೇ ಸತ್ತರೆ ಪೊಟ್ಯಾಸಿಯಂ, ಫಾಸ್ಫೇಟ್, ಯೂರಿಕ್ ಆಮ್ಲ ರಕ್ತಕ್ಕೆ ಸುರಿದು ಕಿಡ್ನಿ, ಹೃದಯ ಎರಡಕ್ಕೂ ಕುತ್ತು. ಅದಕ್ಕೇ ವಾರಕ್ಕೊಂದು ಮೆಟ್ಟಿಲು: 20, 50, 100, 200, 400 ಮಿ.ಗ್ರಾಂ. ಶುರುವಾಗುವ 2 ದಿನ ಮೊದಲಿನಿಂದಲೇ ದಿನಕ್ಕೆ ಒಂದೂವರೆ-ಎರಡು ಲೀಟರ್ ನೀರು. ಕಲಬುರಗಿಯ ಮೇ ಬಿಸಿಲಿಗೆ ಅದೂ ಸಾಲದಿರಬಹುದು, ವೈದ್ಯರನ್ನು ಕೇಳಿ. 20 ಮತ್ತು 50ರ ಮೊದಲ ಗುಳಿಗೆಯಾದ 6–8 ಗಂಟೆಗೆ, ಮತ್ತೆ 24 ಗಂಟೆಗೆ ರಕ್ತ ಪರೀಕ್ಷೆ. ಯಾದಗಿರಿ, ಅಫಜಲಪುರ ಕಡೆಯವರು ಆ ದಿನ ಊರಿಗೆ ಮರಳದೆ ಇಲ್ಲೇ ಉಳಿಯುವುದು ಲೇಸು. ಸೀಸೆಯಲ್ಲಿ ರಕ್ತಕಣ ಒಡೆದರೆ ಪೊಟ್ಯಾಸಿಯಂ ಸುಳ್ಳೇ ಏರಿ ಕಾಣುತ್ತದೆ, ಮತ್ತೆ ತೆಗೆಸಬೇಕು.

ಖಾಲಿ ಹೊಟ್ಟೆಗೆ ನುಂಗಿದರೆ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಊಟದ ಜೊತೆ ಹೀರಿಕೆ 3ರಿಂದ 5 ಪಟ್ಟು. ರೊಟ್ಟಿ-ಪುಂಡಿಪಲ್ಯ ಉಂಡೇ ನುಂಗಿ, ಅಗಿಯಬೇಡಿ, ಮುರಿಯಬೇಡಿ. ಚಕ್ಕೋತ, ಕಮರಾಕ್ಷಿ ಬೇಡ. ಫಂಗಸ್ಸಿನ ಇಟ್ರಾಕೊನಜೋಲ್ ಅನ್ನು ಕೇಳದೇ ಸೇರಿಸಿದರೆ ರಕ್ತದಲ್ಲಿ ಔಷಧಿ ವಿಪರೀತ ಏರುತ್ತದೆ. ವಾಂತಿಯಾದರೆ ಅಂದು ಮತ್ತೊಂದು ನುಂಗುವಂತಿಲ್ಲ.

ಕೊರತೆ? ಕೆಲವರಲ್ಲಿ ಎಂಸಿಎಲ್-1 ಎಂಬ ಇನ್ನೊಂದು ಬೀಗ ಬಿದ್ದು ಕ್ಯಾಸ್ಪೇಸುಗಳು ಮತ್ತೆ ಮಲಗುತ್ತವೆ.